ರೇಷನ್ ಕಾರ್ಡ್ ರದ್ದಾದರೆ ಏನು ಬರೆಯಬೇಕು, ಯಾರಿಗೆ ಕೊಡಬೇಕು

ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವುದು ನನ್ನ ಕಸುಬು. ಪೋಡಿ, ಖಾತೆ, ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ ಎಲ್ಲವನ್ನೂ ಬರೆದಿದ್ದೇನೆ. 2024ರ ಕೊನೆಯಿಂದೀಚೆಗೆ ನನ್ನ ಮೇಜಿನ ಮುಂದೆ ನಿಲ್ಲುವವರಲ್ಲಿ ಬಹಳ ಮಂದಿಯದು ಒಂದೇ ಮಾತು: ‘ಕಾರ್ಡ್ ಹೋಯಿತು ಸ್ವಾಮಿ, ಅಕ್ಕಿ ಕೊಡಲಿಲ್ಲ.’

ಕುಳಿತವರು ತಮ್ಮ ಕಷ್ಟವನ್ನೆಲ್ಲ ಹೇಳುತ್ತಾರೆ. ಗಂಡನಿಗೆ ಕೆಲಸವಿಲ್ಲ, ಮಗಳ ಬಾಣಂತನ, ಮನೆ ಸೋರುತ್ತದೆ. ಅದೆಲ್ಲವನ್ನೂ ಅರ್ಜಿಯಲ್ಲಿ ಬರೆಯಬೇಕು ಎನ್ನುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ, ಆದರೆ ಬರೆಯುವುದಿಲ್ಲ. ನಿಮ್ಮ ಬಡತನ ಎಷ್ಟು ಎಂದು ಅಳೆದು ಯಾರೂ ಕಾರ್ಡ್ ರದ್ದು ಮಾಡಿಲ್ಲ. ಎಲ್ಲೋ ಒಂದು ಪಟ್ಟಿಯಲ್ಲಿ ನಿಮ್ಮ ಆಧಾರ್ ಸಂಖ್ಯೆಯ ಮುಂದೆ ಯಾವುದೋ ಒಂದು ಕಾರಣ ಬಿದ್ದಿದೆ. ಆ ಕಾರಣ ಯಾವುದೆಂದು ಪತ್ತೆ ಮಾಡಿ ಅದೊಂದಕ್ಕೇ ಉತ್ತರ ಕೊಡಬೇಕು. ನಾಲ್ಕು ಪುಟದ ಗೋಳಿಗಿಂತ ಕಾರಣಕ್ಕೆ ತಕ್ಕ ಒಂದು ದಾಖಲೆ ಹೆಚ್ಚು ಕೆಲಸ ಮಾಡುತ್ತದೆ.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ, ಅಂದರೆ ನಾವು ಬಿಪಿಎಲ್ ಎನ್ನುವ ಕಾರ್ಡಿನ, ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೋ ಧಾನ್ಯ ಸಿಗಬೇಕು. ಕರ್ನಾಟಕದಲ್ಲಿ ಈ ಕಾಯ್ದೆಯ ಲೆಕ್ಕಕ್ಕೆ ಬರುವವರು ಸುಮಾರು 4 ಕೋಟಿ. ಆ ಸಂಖ್ಯೆ 2011ರ ಜನಗಣತಿಯನ್ನು ಆಧರಿಸಿದ್ದು, ಅಲ್ಲಿಂದ ಮುಂದೆ ಸರಿದಿಲ್ಲ. ಅಷ್ಟರಲ್ಲಿ ಮನೆಗಳು ಒಡೆದು ಎರಡಾಗಿವೆ, ಮಕ್ಕಳು ಹುಟ್ಟಿದ್ದಾರೆ. ಹೆಚ್ಚುವರಿ ಕಾರ್ಡುಗಳ ಹೊರೆ ರಾಜ್ಯದ ಮೇಲೆ ಬೀಳುತ್ತದೆ. ‘ಅನರ್ಹರನ್ನು ತೆಗೆಯಿರಿ’ ಎಂಬ ಒತ್ತಡ ಮೇಲಿಂದ ಮತ್ತೆ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆಗಿ ಬದಲಾದಾಗ ಗಲಾಟೆಯಾಯಿತು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುತ್ತೇವೆ ಎಂದು ಸರ್ಕಾರ ಹೇಳಿತು. ಬಹಳ ಮಂದಿಗೆ ಮರಳಿತು ಕೂಡ. 2025ರಲ್ಲಿ ಮತ್ತೊಂದು ಪಟ್ಟಿ ಬಂತು. ಈ ಸಲ ಕೇಂದ್ರ ಸರ್ಕಾರ ಬೇರೆ ಬೇರೆ ದತ್ತಾಂಶಗಳನ್ನು ತಾಳೆ ಹಾಕಿ, ರಾಜ್ಯದ ಹನ್ನೆರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ಸಂಶಯಾಸ್ಪದ ಎಂದು ಗುರುತಿಸಿತ್ತು. ಗಮನಿಸಿ, ಸಂಶಯಾಸ್ಪದ ಎಂದರೆ ಅನರ್ಹ ಎಂದು ತೀರ್ಮಾನವಾಗಿದೆ ಎಂದಲ್ಲ. ಪರಿಶೀಲನೆ ಇನ್ನೂ ಬಾಕಿ ಎಂದರ್ಥ. ಅರ್ಜಿಯ ಜೀವ ಇರುವುದು ಈ ವ್ಯತ್ಯಾಸದಲ್ಲಿ.

ಅಕ್ಕಿ ನಿಂತರೆ ಎಷ್ಟು ಹೊರೆ ಎಂದು ಸರ್ಕಾರದ ಲೆಕ್ಕದಲ್ಲೇ ನೋಡೋಣ. 2023ರ ಜುಲೈಯಿಂದ, ಕಾಯ್ದೆಯ 5 ಕಿಲೋ ಮೇಲೆ ರಾಜ್ಯ ಸರ್ಕಾರ ಕೊಡಬೇಕಿದ್ದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಟ್ಟು ತಲೆಗೆ 10 ಕಿಲೋ ಮಾಡಿದರು. ನಾಲ್ಕು ಜನರ ಮನೆಗೆ 40 ಕಿಲೋ. ಆ 34ರ ದರದಲ್ಲೇ ಹಿಡಿದರೂ ತಿಂಗಳಿಗೆ 1,360 ರೂಪಾಯಿ. ಅಂಗಡಿಯಲ್ಲಿ ಕೊಂಡರೆ ಅದಕ್ಕಿಂತ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಜಾಗದಲ್ಲಿ ಬೇಳೆ, ಎಣ್ಣೆ ಮುಂತಾದವುಗಳ ಇಂದಿರಾ ಆಹಾರ ಕಿಟ್ ಕೊಡಲು ಒಪ್ಪಿತು. ಏನೇ ಕೊಡಲಿ, ಕಾರ್ಡ್ ಇಲ್ಲದವರಿಗೆ ಯಾವುದೂ ಇಲ್ಲ.

ಮೊದಲು ಕಾರಣ ಹುಡುಕಿ

ನ್ಯಾಯಬೆಲೆ ಅಂಗಡಿಯವರು ‘ಹೆಸರು ಬರುತ್ತಿಲ್ಲ’ ಎಂದರೆ ಅದರ ಹಿಂದೆ ಬೇರೆ ಬೇರೆ ವಿಷಯ ಇರಬಹುದು. ಕಾರ್ಡ್ ಪೂರ್ತಿ ರದ್ದಾಗಿರಬಹುದು, ತಾತ್ಕಾಲಿಕವಾಗಿ ತಡೆಹಿಡಿದಿರಬಹುದು, ಬಿಪಿಎಲ್ ಇದ್ದದ್ದು ಎಪಿಎಲ್ ಆಗಿರಬಹುದು, ಕಾರ್ಡ್ ಉಳಿದು ಒಬ್ಬ ಸದಸ್ಯನ ಹೆಸರು ಮಾತ್ರ ಹೋಗಿರಬಹುದು. ಕೊನೆಯದು ಬಹಳ ದಿನ ಗೊತ್ತೇ ಆಗುವುದಿಲ್ಲ. ಅಕ್ಕಿ ಕಡಿಮೆ ಬಂದಾಗ ಅಂಗಡಿಯವನು ತೂಕದಲ್ಲಿ ಹೊಡೆದ ಎಂದು ಅವನ ಮೇಲೆ ಸಿಟ್ಟಾಗುತ್ತಾರೆ. (ಹೊಡೆಯುವವರೂ ಇದ್ದಾರೆ, ಅದು ಬೇರೆ ವಿಷಯ.) ಹೆಬ್ಬೆಟ್ಟು ಕೊಟ್ಟ ಮೇಲೆ ಯಂತ್ರದಿಂದ ಬರುವ ಚೀಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಎಷ್ಟು ಕಿಲೋ ಎಂದಿದೆ, ನಿಮ್ಮ ಮನೆಯ ತಲೆಗಳಿಗೆ ಅದು ಸರಿಹೊಂದುತ್ತದೆಯೇ ನೋಡಿ.

ಆಹಾರ ಇಲಾಖೆಯ ಜಾಲತಾಣದಲ್ಲಿ ಇ-ಸೇವೆಗಳ ಅಡಿ ರದ್ದುಗೊಳಿಸಿದ ಮತ್ತು ತಡೆಹಿಡಿದ ಕಾರ್ಡುಗಳ ಪಟ್ಟಿ ಇದೆ. ಜಿಲ್ಲೆ, ತಾಲ್ಲೂಕು, ತಿಂಗಳು, ವರ್ಷ ಆರಿಸಿದರೆ ಹೆಸರುಗಳ ಜೊತೆ ಕಾರಣವೂ ಕಾಣುತ್ತದೆ. ಮೊಬೈಲ್‌ನಲ್ಲಿ ಆಗದಿದ್ದರೆ ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ತೆಗೆಸಿ. ಆ ಪುಟವನ್ನು ಮುದ್ರಿಸಿಕೊಳ್ಳಿ, ಬರೀ ನೋಡಿ ಬರಬೇಡಿ. ಸಹಾಯವಾಣಿ 1967ಕ್ಕೂ ಕರೆ ಮಾಡಬಹುದು. ಕರೆ ಮಾಡಿದಾಗ ದೂರು ಸಂಖ್ಯೆ ಕೊಟ್ಟರೆ ಕಾರ್ಡಿನ ಜೆರಾಕ್ಸ್ ಪ್ರತಿಯ ಹಿಂಬದಿಯಲ್ಲೇ ಬರೆದಿಡಿ.

ಕಾರಣಕ್ಕೆ ತಕ್ಕ ದಾಖಲೆ

ಅತಿ ಹೆಚ್ಚು ತೊಡಕಿನದು ಆದಾಯ ತೆರಿಗೆ. ಒಬ್ಬ ವಿಧವೆ ಬಂದಿದ್ದರು. ಬೀಡಿ ಕಟ್ಟಿ ಜೀವನ. ಕಾರ್ಡಿನಲ್ಲಿ ಅವರು, ಮಗ, ಸೊಸೆ, ಮೊಮ್ಮಗು. ಕಾರಣದ ಜಾಗದಲ್ಲಿ ಆದಾಯ ತೆರಿಗೆ ಪಾವತಿದಾರರು ಎಂದಿತ್ತು. ‘ತೆರಿಗೆ ಎಂದರೆ ಪಂಚಾಯಿತಿಗೆ ಕಟ್ಟುವ ಕಂದಾಯವೇ ಅಣ್ಣಾ?’ ಎಂದು ಕೇಳಿದರು. ಮಗನನ್ನು ಕರೆಸಿ ವಿಚಾರಿಸಿದಾಗ ಗೊತ್ತಾಯಿತು: ಗೂಡ್ಸ್ ಆಟೋ ಸಾಲಕ್ಕೆಂದು ಏಜೆಂಟನೊಬ್ಬ ಅವನ ಪ್ಯಾನ್ ಕಾರ್ಡ್ ಪಡೆದು ಆದಾಯ ತೆರಿಗೆ ರಿಟರ್ನ್ ಹಾಕಿಸಿದ್ದ. ಕಟ್ಟಿದ ತೆರಿಗೆ ಸೊನ್ನೆ.

ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಹಾಗಾಗಿ ರಿಟರ್ನ್‌ನ ಸ್ವೀಕೃತಿ ಪ್ರತಿಯನ್ನು ತೆಗೆಸಿ, ಪಾವತಿಸಿದ ತೆರಿಗೆ ಸೊನ್ನೆ ಎಂದಿರುವ ಸಾಲಿನ ಕೆಳಗೆ ಗೆರೆ ಎಳೆದು ಲಗತ್ತಿಸಬೇಕು. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಅದೇ ಹಾಳೆಯಲ್ಲಿ ಒಟ್ಟು ಆದಾಯ ಎಷ್ಟು ತೋರಿಸಿದ್ದಾರೆ ಎಂದು ನೋಡಿ. ಸಾಲ ಮಂಜೂರಾಗಲಿ ಎಂದು ಏಜೆಂಟರು ಎರಡೂವರೆ, ಮೂರು ಲಕ್ಷ ಬರೆಸುವುದು ಮಾಮೂಲು. ತೆರಿಗೆ ಬೀಳದಿದ್ದರೂ ಬಿಪಿಎಲ್‌ನ ವಾರ್ಷಿಕ ಆದಾಯ ಮಿತಿ 1.20 ಲಕ್ಷ ದಾಟಿಬಿಟ್ಟಿತು. ತೆರಿಗೆಯ ಕಾರಣವನ್ನು ನೀವು ಅಳಿಸಿದರೆ ಆದಾಯದ ಕಾರಣ ಎದ್ದು ನಿಲ್ಲುತ್ತದೆ. ಆದ್ದರಿಂದ ನಾಡಕಚೇರಿಯಿಂದ ಪಡೆದ ಚಾಲ್ತಿ ಆದಾಯ ಪ್ರಮಾಣಪತ್ರ ಜೊತೆಗಿರಲೇಬೇಕು. ಅದರ ಹಿಂದೆ ಗ್ರಾಮ ಆಡಳಿತ ಅಧಿಕಾರಿಯ ವರದಿ ಇರುತ್ತದೆ, ಕಚೇರಿಯಲ್ಲಿ ಅದಕ್ಕೆ ತೂಕವಿದೆ. ರಿಟರ್ನ್‌ನಲ್ಲಿ ಬರೆಸಿದ ಆದಾಯ ನಿಜಕ್ಕೂ ತಪ್ಪಾಗಿದ್ದರೆ, ಆ ವರ್ಷದ ಗಡುವು ಮುಗಿದಿಲ್ಲದಿದ್ದರೆ, ಪರಿಷ್ಕೃತ ರಿಟರ್ನ್ ಸಲ್ಲಿಸಲು ಕಾನೂನಿನಲ್ಲೇ ಅವಕಾಶವಿದೆ. ತೆರಿಗೆ ಸಲಹೆಗಾರರನ್ನು ಕೇಳಿ. ಮಗ ಬೇರೆ ಊರಿನಲ್ಲಿ ಬೇರೆಯೇ ಸಂಸಾರ ಹೂಡಿದ್ದರೆ ಅವನ ಹೆಸರನ್ನು ಕಾರ್ಡಿನಿಂದ ತೆಗೆಸಲು ಪ್ರತ್ಯೇಕ ಅರ್ಜಿ ಕೊಡಿ. ಒಂದೇ ಒಲೆಯಲ್ಲಿ ಉಣ್ಣುತ್ತಿರುವವರನ್ನು ಬೇರೆ ಎಂದು ಬರೆಯಲು ಮಾತ್ರ ನನ್ನ ಬಳಿ ಬರಬೇಡಿ.

ಈ 1.20 ಲಕ್ಷದ ಮಿತಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ತಿಂಗಳಿಗೆ ಹತ್ತು ಸಾವಿರ, ಅದೂ ಇಡೀ ಮನೆಗೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯ ಒಬ್ಬ ಹೆಣ್ಣುಮಗಳಿಗೆ ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ವೇತನ ಹತ್ತು ಸಾವಿರ ದಾಟುತ್ತದೆ. ಅಂದರೆ ಕನಿಷ್ಠ ವೇತನ ಸರಿಯಾಗಿ ಸಿಕ್ಕಿದ ದಿನವೇ ಆ ಮನೆ ಬಡತನದಿಂದ ಮೇಲೆ ಬಂತೆಂದು ಲೆಕ್ಕ! ಈ ಮಿತಿಯನ್ನು ಏರಿಸಬೇಕಾದವರು ವಿಧಾನಸೌಧದಲ್ಲಿದ್ದಾರೆ, ನಮ್ಮ ತಾಲ್ಲೂಕು ಕಚೇರಿಯಲ್ಲಿ ಅಲ್ಲ. ಅದನ್ನು ಅರ್ಜಿಯಲ್ಲಿ ಬರೆದು ಪ್ರಯೋಜನವಿಲ್ಲ. ಶಾಸಕರಿಗೆ ಕೊಡುವ ಮನವಿಯಲ್ಲಿ ಬರೆಯಿರಿ.

ಜಮೀನಿನ ಕಾರಣವಾದರೆ ಮಿತಿ 3 ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಒಣಭೂಮಿ, ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು. ತಾತನ ಕಾಲದ ಜಂಟಿ ಖಾತೆ ಇನ್ನೂ ಒಡೆದಿಲ್ಲದ ಮನೆಗಳು ಇಲ್ಲಿ ಸಿಕ್ಕಿಬೀಳುತ್ತವೆ. ಪಹಣಿಯಲ್ಲಿ ಅಣ್ಣತಮ್ಮಂದಿರೆಲ್ಲರ ಹೆಸರಿನ ಮುಂದೆ ಪೂರ್ತಿ ವಿಸ್ತೀರ್ಣ ಕಾಣುತ್ತದೆ. ಪಹಣಿ, ವಂಶವೃಕ್ಷ, ಪಾಲುಪಟ್ಟಿ ಇದ್ದರೆ ಅದು, ಇವುಗಳನ್ನು ಇಟ್ಟು ‘ನನ್ನ ಪಾಲಿಗೆ ಬರುವುದು ಇಷ್ಟು ಗುಂಟೆ’ ಎಂದು ಲೆಕ್ಕ ಬರೆದುಕೊಡಿ. ಅಧಿಕಾರಿ ಲೆಕ್ಕ ಮಾಡಲಿ ಎಂದು ಬಿಡಬೇಡಿ.

ಕಾರಿನ ಕಾರಣಕ್ಕೆ ಉತ್ತರ ಸುಲಭ. ಜೀವನೋಪಾಯಕ್ಕೆ ಸ್ವಂತವಾಗಿ ಓಡಿಸುವ ಒಂದು ಟ್ರ್ಯಾಕ್ಟರ್, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್‌ಗೆ ವಿನಾಯಿತಿ ಇದೆ. ಆರ್‌ಸಿ (ವಾಹನದ ನೋಂದಣಿ ಪತ್ರ) ಪ್ರತಿ ಸಾಕು. ಹಳೇ ಕಾರನ್ನು ಎಂದೋ ಮಾರಿ, ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವರ್ಗಾವಣೆ ಮುಗಿಸಿ. ಹಾಗೆ ಬಿಟ್ಟರೆ ರೇಷನ್ ಹೋಗುವುದಿರಲಿ, ಆ ಕಾರಿನಿಂದಾದ ಅಪಘಾತದ ಕೇಸೂ ನಿಮ್ಮ ಬಾಗಿಲಿಗೇ ಬರುತ್ತದೆ. ಬಿಳಿ ಬೋರ್ಡಿನ ಕಾರನ್ನು ಕಚೇರಿಯ ಹಿಂದಿನ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುವವರೂ ಇದ್ದಾರೆ. ಅಂಥವರಿಗೆ ನಾನು ಬರೆಯುವ ಅರ್ಜಿ ಒಂದೇ, ಕಾರ್ಡ್ ಒಪ್ಪಿಸುವುದು.

ಇನ್ನು ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವುದು. 2025ರ ಆ ಸಂಶಯಾಸ್ಪದ ಪಟ್ಟಿಯಲ್ಲಿ ಅತಿ ಹೆಚ್ಚು ಹೆಸರುಗಳು ಇದಕ್ಕೇ ಬಿದ್ದಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಪ್ರತಿಯೊಬ್ಬ ಸದಸ್ಯನೂ ಬೆರಳು ಕೊಡಬೇಕು, ಇದಕ್ಕೆ ದುಡ್ಡು ಕೊಡಬೇಕಿಲ್ಲ. ಗಾರೆ ಕೆಲಸ, ಬೀಡಿ, ಬಟ್ಟೆ ಒಗೆಯುವ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಕೆಂಪು ತೋರಿಸುತ್ತಲೇ ಇರುತ್ತದೆ. ಅಂಥವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬಯೋಮೆಟ್ರಿಕ್ ನವೀಕರಿಸಿ, ಕಣ್ಣಿನ ಪಾಪೆಯ ಮೂಲಕ ಅಥವಾ ಒಟಿಪಿ ಮೂಲಕ ಮಾಡುವಂತೆ ಕೇಳಿ. ಬೆರಳು ಹೊಂದಲಿಲ್ಲ ಎಂದು ಅಕ್ಕಿ ಕೊಡದೆ ಕಳಿಸುವಂತಿಲ್ಲ. ಜಾರ್ಖಂಡ್‌ನ ಸಿಮ್‌ಡೇಗಾ ಜಿಲ್ಲೆಯಲ್ಲಿ, ಆಧಾರ್ ಜೋಡಣೆಯಾಗದೆ ಕಾರ್ಡ್ ರದ್ದಾಗಿದ್ದ ಮನೆಯ ಹನ್ನೊಂದು ವರ್ಷದ ಹುಡುಗಿ 2017ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಹಸಿವಿನಿಂದ ಎಂದು ತಾಯಿ ಹೇಳಿದರು, ಸರ್ಕಾರ ಒಪ್ಪಲಿಲ್ಲ. ಅದಾದ ಮೇಲೆ 2017ರ ಅಕ್ಟೋಬರ್ 24ರಂದು ಕೇಂದ್ರ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಸೂಚನೆ ಕಳಿಸಿತು: ಆಧಾರ್ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರ ಹೆಸರನ್ನು ಪಟ್ಟಿಯಿಂದ ತೆಗೆಯಬಾರದು, ಬೆರಳಚ್ಚು ವಿಫಲವಾದರೂ ಧಾನ್ಯ ನಿರಾಕರಿಸಬಾರದು. ಈ ದಿನಾಂಕವನ್ನು ಅರ್ಜಿಯಲ್ಲಿ ಬರೆಯಿರಿ. ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಕೆಲವು ಕಾರಣಗಳಿಗೆ ವಾದವೇ ಬೇಡ. ತೀರಿಕೊಂಡವರ ಹೆಸರು ಉಳಿದಿದ್ದರೆ ಮರಣ ಪ್ರಮಾಣಪತ್ರ ಕೊಟ್ಟು ತೆಗೆಸಿ. ಮದುವೆಯಾಗಿ ಹೋದ ಮಗಳ ಹೆಸರು ಎರಡೂ ಕಡೆ ಇದ್ದರೆ ಒಂದು ಕಡೆ ತೆಗೆಸಿ. ಆರು ತಿಂಗಳು ಅಕ್ಕಿ ಒಯ್ಯದ ಕಾರ್ಡನ್ನು ನಿಷ್ಕ್ರಿಯ ಮಾಡುವ ನಿಯಮ 2025ರಲ್ಲಿ ಬಂದಿದೆ. ಆದರೆ ಹಾಗೆ ಮಾಡಿದ ಮೇಲೆ ಮೂರು ತಿಂಗಳೊಳಗೆ ಸ್ಥಳ ಪರಿಶೀಲನೆ ಮತ್ತು ಇ-ಕೆವೈಸಿ ಮಾಡಿ ಅರ್ಹತೆ ತೀರ್ಮಾನಿಸಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗಿದ್ದವರು ಇದನ್ನು ಹಿಡಿದುಕೊಳ್ಳಬೇಕು. ಮುಂದಿನ ಸಲ ವಲಸೆ ಹೋದಾಗ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಿರಿ, ಊರಿಗೆ ಬರಬೇಕಿಲ್ಲ.

ಅರ್ಜಿ ಹೀಗಿರಲಿ

ಒಂದು ಪುಟ ದಾಟಬಾರದು. ನಾನು ಬರೆಯುವುದು ಹೆಚ್ಚುಕಡಿಮೆ ಹೀಗೆ:

ಇವರಿಗೆ,
ತಹಶೀಲ್ದಾರರು (ಆಹಾರ ಶಾಖೆ),
……… ತಾಲ್ಲೂಕು.

ವಿಷಯ: ಆದ್ಯತಾ ಪಡಿತರ ಚೀಟಿ ಸಂಖ್ಯೆ ……… ಅನ್ನು ರದ್ದುಪಡಿಸಿರುವುದನ್ನು ಮರುಪರಿಶೀಲಿಸುವ ಬಗ್ಗೆ.

ಮಾನ್ಯರೇ,
ಮೇಲ್ಕಂಡ ಪಡಿತರ ಚೀಟಿಯಲ್ಲಿ ……… ಜನ ಸದಸ್ಯರಿರುತ್ತೇವೆ. ……… ತಿಂಗಳಿನಿಂದ ಪಡಿತರ ದೊರೆತಿರುವುದಿಲ್ಲ. ಇಲಾಖೆಯ ಜಾಲತಾಣದಲ್ಲಿ ‘………’ ಎಂಬ ಕಾರಣ ನಮೂದಾಗಿರುತ್ತದೆ (ಪ್ರತಿ ಲಗತ್ತು 1). ರದ್ದುಪಡಿಸುವ ಮುನ್ನ ನನಗೆ ಯಾವುದೇ ನೋಟಿಸ್ ಬಂದಿರುವುದಿಲ್ಲ, ನನ್ನ ಅಹವಾಲನ್ನು ಕೇಳಿರುವುದಿಲ್ಲ. ಸದರಿ ಕಾರಣ ನಮ್ಮ ಕುಟುಂಬಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಆಧಾರವಾಗಿ ……… ದಾಖಲೆಯನ್ನು ಸಲ್ಲಿಸಿರುತ್ತೇನೆ (ಲಗತ್ತು 2). ಆದ್ದರಿಂದ ಸ್ಥಳ ಪರಿಶೀಲನೆ ನಡೆಸಿ ಪಡಿತರ ಚೀಟಿಯನ್ನು ಪುನಃ ಸಕ್ರಿಯಗೊಳಿಸಬೇಕೆಂದು, ಸಾಧ್ಯವಿಲ್ಲವಾದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ನೋಟಿಸ್ ಬಂದಿದ್ದರೆ ಆ ವಾಕ್ಯ ತೆಗೆದುಬಿಡಿ. ಸುಳ್ಳು ಒಂದಿದ್ದರೂ ಉಳಿದದ್ದೆಲ್ಲ ಬಿದ್ದುಹೋಗುತ್ತದೆ. ಸಹಿ ಕಾರ್ಡಿನ ಯಜಮಾನಿಯದ್ದೇ ಇರಲಿ. ಹದಿನೆಂಟು ತುಂಬಿದ ಹಿರಿಯ ಹೆಣ್ಣುಮಗಳೇ ಪಡಿತರ ಚೀಟಿಯ ಮಟ್ಟಿಗೆ ಮನೆಯ ಮುಖ್ಯಸ್ಥೆ ಎಂದು ಆಹಾರ ಭದ್ರತಾ ಕಾಯ್ದೆಯ 13ನೇ ಕಲಮು ಹೇಳುತ್ತದೆ. ದೊಡ್ಡ ನಗರಗಳಲ್ಲಿ ತಹಶೀಲ್ದಾರರ ಬದಲು ಆಹಾರ ಇಲಾಖೆಯ ಸಹಾಯಕ ನಿರ್ದೇಶಕರಿಗೆ ಬರೆಯಿರಿ.

ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಡಯಾಲಿಸಿಸ್‌ನಂಥ ಚಿಕಿತ್ಸೆ ನಡೆಯುತ್ತಿದ್ದರೆ, ಅದನ್ನು ಮಾತ್ರ ಒಂದು ಸಾಲು ಸೇರಿಸುತ್ತೇನೆ. ಇದು ಗೋಳಲ್ಲ, ತುರ್ತಿನ ಆಧಾರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಆದರೆ ವೆಚ್ಚದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಅಕ್ಕಿಯ ನಷ್ಟ ತಿಂಗಳಿಗೆ ಸಾವಿರದ ಲೆಕ್ಕದಲ್ಲಿದ್ದರೆ ಇದು ಲಕ್ಷದ ಲೆಕ್ಕ.

ಕೊಡುವ ಕ್ರಮ

ಎರಡು ಪ್ರತಿ ಒಯ್ಯಿರಿ. ಆಹಾರ ಶಿರಸ್ತೇದಾರರ ಕೈಗೆ ಕೊಟ್ಟು ‘ನೋಡುತ್ತೇವೆ’ ಎಂಬ ಮಾತು ಪಡೆದು ಬಂದರೆ ಕೊಟ್ಟಂತಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಗುಮಾಸ್ತರು ‘ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ’ ಎನ್ನಬಹುದು. ಕಾಯಿರಿ, ಊಟ ಮುಗಿಯುತ್ತದೆ. ಅವರ ಮೇಲೆ ರೇಗಬೇಡಿ. ಒಬ್ಬ ಆಹಾರ ನಿರೀಕ್ಷಕ ಎಷ್ಟು ಊರುಗಳ ಪಟ್ಟಿ ಹಿಡಿದು ಓಡಾಡುತ್ತಾನೆ ಎಂದು ದಿನವೂ ಕಾಣುತ್ತಿದ್ದೇನೆ.

ಈ ಅರ್ಜಿ ಬಾಕಿ ಇರುವಾಗ ಹೊಸ ಕಾರ್ಡಿಗೆ ಅರ್ಜಿ ಹಾಕಿಸುತ್ತೇನೆಂದು ಹಣ ಕೇಳುವವರ ಹಿಂದೆ ಹೋಗಬೇಡಿ. ಹಳೇ ಕಾರ್ಡಿನಲ್ಲಿ ಆಧಾರ್ ಕುಳಿತಿರುವಾಗ ಹೊಸದು ತಿರಸ್ಕೃತವಾಗುತ್ತದೆ. ಹೊಸ ಅರ್ಜಿಗೆ ಜಾಲತಾಣ ಸದಾ ತೆರೆದಿರುವುದೂ ಇಲ್ಲ.

ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಬಿಪಿಎಲ್‌ನವರಿಗೆ ಶುಲ್ಕವಿಲ್ಲ, ಆದರೆ ಬಿಪಿಎಲ್ ಕಾರ್ಡ್ ಏಕೆ ಹೋಯಿತು ಎಂದು ಕೇಳಲು ಬಂದವರು ಯಾವ ಕಾರ್ಡ್ ತೋರಿಸಬೇಕು? ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ‘ರದ್ದುಪಡಿಸಿದ ಆದೇಶದ ಪ್ರತಿ ಮತ್ತು ಸ್ಥಳ ಪರಿಶೀಲನಾ ವರದಿಯ ಪ್ರತಿ ಕೊಡಿ’ ಎಂದಷ್ಟೇ ಕೇಳಿ. ಸ್ಥಳಕ್ಕೆ ಯಾರೂ ಬಂದೇ ಇಲ್ಲದಿದ್ದರೆ ಆ ವರದಿ ಇರುವುದಿಲ್ಲ. ‘ಕಡತದಲ್ಲಿ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಅದನ್ನೇ ಭದ್ರವಾಗಿ ಇಟ್ಟುಕೊಳ್ಳಿ.

ಅದನ್ನು ಹಿಡಿದು ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಡಬಹುದು. ಆಹಾರ ಭದ್ರತಾ ಕಾಯ್ದೆಯ 15ನೇ ಕಲಮು ಇಂಥ ಒಬ್ಬ ಅಧಿಕಾರಿ ಪ್ರತಿ ಜಿಲ್ಲೆಯಲ್ಲೂ ಇರಬೇಕೆನ್ನುತ್ತದೆ. ಅಲ್ಲಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಬೆಂಗಳೂರಿನಲ್ಲಿರುವ ರಾಜ್ಯ ಆಹಾರ ಆಯೋಗಕ್ಕೆ. ಕುಂದುಕೊರತೆ ನಿವಾರಣಾಧಿಕಾರಿ ಹೇಳಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರನಿಗೆ 5,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. 

ಈ ಓಡಾಟದ ನಡುವೆಯೂ ಒಲೆ ಉರಿಯಬೇಕು. ಅಂಗನವಾಡಿಯ ಊಟಕ್ಕೆ, ಗರ್ಭಿಣಿ ಬಾಣಂತಿಯರ ಮಾತೃಪೂರ್ಣ ಊಟಕ್ಕೆ, ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ರೇಷನ್ ಕಾರ್ಡ್ ಬೇಕಿಲ್ಲ. ಕಾರ್ಡ್ ಹೋದ ಮೇಲೆ ಇವೂ ಹೋದವೆಂದು ಮಗುವನ್ನು ಅಂಗನವಾಡಿ ಬಿಡಿಸಿದ ತಾಯಿಯೊಬ್ಬರನ್ನು ಕಂಡಿದ್ದೇನೆ. ಯಾರೋ ಅಕ್ಕಪಕ್ಕದವರು ಹೇಳಿದ್ದಂತೆ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಅಲ್ಲೂ ಕಾರ್ಡ್ ಕೇಳುವುದಿಲ್ಲ.

ಕಾರ್ಡ್ ಮರಳಿ ಬಂದ ತಿಂಗಳು ಅಂಗಡಿಯ ಚೀಟಿಯಲ್ಲಿ ಎಲ್ಲ ಸದಸ್ಯರ ಪಾಲೂ ಇದೆಯೇ ನೋಡಿ. ಗೃಹಲಕ್ಷ್ಮಿಯ ಎರಡು ಸಾವಿರ ನಿಂತಿದ್ದರೆ ಅದಕ್ಕೆ ಬೇರೆಯೇ ಇಲಾಖೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಇನ್ನೊಂದು ಅರ್ಜಿ ಕೊಡಬೇಕು, ತಾನಾಗಿ ಶುರುವಾಗುತ್ತದೆ ಎಂದು ಕಾಯಬೇಡಿ. ಕಳೆದುಹೋದ ತಿಂಗಳುಗಳ ಅಕ್ಕಿ ಕೇಳಿದರೆ ಅಂಗಡಿಯವರು ‘ಹಿಂದಿನದು ಬರುವುದಿಲ್ಲ’ ಎನ್ನುತ್ತಾರೆ. ಅವರ ಯಂತ್ರದಲ್ಲಿ ಬರುವುದಿಲ್ಲ, ನಿಜ. ಆದರೆ ಸಿಗಬೇಕಾದ ಧಾನ್ಯ ಸಿಗದಿದ್ದರೆ ರಾಜ್ಯ ಸರ್ಕಾರ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕು ಎಂದು ಆಹಾರ ಭದ್ರತಾ ಕಾಯ್ದೆಯ 8ನೇ ಕಲಮು ಹೇಳುತ್ತದೆ. ‘ತಪ್ಪಾಗಿ ರದ್ದಾದ ಅವಧಿಯ ಭತ್ಯೆಯನ್ನು 8ನೇ ಕಲಮಿನಂತೆ ಮಂಜೂರು ಮಾಡಬೇಕು’ ಎಂಬ ಸಾಲನ್ನು ನಾನು ಜಿಲ್ಲಾ ಮಟ್ಟದ ಪ್ರತಿ ದೂರಿನಲ್ಲೂ ಬರೆಯುತ್ತೇನೆ. ನನ್ನ ಮೇಜಿಗೆ ಬಂದವರಲ್ಲಿ ಆ ಹಣ ಕೈಗೆ ಬಂದವರನ್ನು ಇನ್ನೂ ನೋಡಿಲ್ಲ. ಆ ಸಾಲಿಗೆ ಬೇರೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ಬರೆಯುವುದನ್ನು ಬಿಟ್ಟೂ ಇಲ್ಲ.